ಅಣ್ಣನದು ಸೋಮಾರಿತನ ಅಲ್ಲ, ಅತ್ತಿಗೆ

ಅತ್ತಿಗೆ, ನಿಮ್ಮ ಮೆಸೇಜ್ ಈಗ ಓದಿದೆ. ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೇನೆ, ಟೈಪ್ ಮಾಡೋಕೆ ಆಗಲ್ಲ, ಮಾತಲ್ಲೇ ಹೇಳುತ್ತೇನೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ತಲೆಯ ರಕ್ತನಾಳ ಊದಿ ಒಡೆದು, ಬೆಂಗಳೂರಲ್ಲಿ ಕಾಯಿಲ್ (ಊದಿದ ಜಾಗ ಮುಚ್ಚೋ ಸಣ್ಣ ತಂತಿ ಸುರುಳಿ) ಹಾಕಿಸಿಕೊಂಡು ಅಣ್ಣ ಮನೆಗೆ ಬಂದು ಎರಡೂವರೆ ತಿಂಗಳಾಯ್ತು. ಮೊದಲು ಚೆನ್ನಾಗೇ ಇದ್ದರು. ಈಗ ಕಾಲು ಎಳೆಯುತ್ತಾರೆ, ಬಚ್ಚಲು ಮುಟ್ಟೋದ್ರೊಳಗೆ ಲುಂಗಿ ಒದ್ದೆ, ಕೇಳಿದ್ದನ್ನೇ ಕೇಳುತ್ತಾರೆ, ಟಿವಿ ಮುಂದೆ ಸುಮ್ನೆ ಕೂರುತ್ತಾರೆ ಅಂದಿರಿ. ದೊಡ್ಡಮ್ಮ ‘ಕೂತು ಉಣ್ಣೋದು ರೂಢಿಯಾಯ್ತು’ ಅಂದರಂತೆ. ದೊಡ್ಡಮ್ಮಾ, ನೀವೂ ಗ್ರೂಪಲ್ಲಿದ್ದೀರಿ, ಸಿಟ್ಟು ಮಾಡ್ಕೋಬೇಡಿ. ನನಗದು ಸೋಮಾರಿತನ ಅನ್ನಿಸಲ್ಲ. ನಮ್ಮ ಅವ್ವನಿಗೂ ಹೀಗೇ ಆಗಿತ್ತು.

ಅವ್ವ ಪಡಸಾಲೆ ದಾಟಿ ಅಡುಗೆಮನೆ ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತಿದ್ದಳು. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ಮಾತ್ರ ನೆಲಕ್ಕೆ ಅಂಟಿಕೊಂಡ ಹಾಗೆ ಅಲ್ಲೇ. ‘ಎತ್ತಿಡವ್ವಾ’ ಅಂತ ರೇಗುತ್ತಿದ್ದೆ ನಾನು. ಈಗ ನೆನೆದರೆ ಕರುಳು ಚುರ್ ಅನ್ನುತ್ತೆ.

ಮೆದುಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಹುಟ್ಟುತ್ತೆ. ಆದರೆ ಒಂದು ಹೊತ್ತಿಗೆ ಒಳಗಿರೋದು 150 ಎಂಎಲ್‌ನಷ್ಟೇ. ಉಳಿದದ್ದೆಲ್ಲ ರಕ್ತಕ್ಕೆ ಇಂಗಬೇಕು. ಒಳಗೆ ರಕ್ತ ಚೆಲ್ಲಿದರೆ ಆ ಇಂಗುವ ಜಾಗ ಕಟ್ಟಿಕೊಳ್ಳುತ್ತೆ, ಬಚ್ಚಲ ಜಾಲರಿಗೆ ಕೂದಲು ಸಿಕ್ಕ ಹಾಗೆ. ನೀರು ನಿಂತು ಮೆದುಳಿನ ಒಳಕೋಣೆಗಳು ಹಿಗ್ಗುತ್ತವೆ. ಇದೇ ಹೈಡ್ರೊಸೆಫಲಸ್. ವಾರ, ತಿಂಗಳು ಕಳೆದ ಮೇಲೂ ಬರಬಹುದು. ನಿಧಾನಕ್ಕೆ ತುಂಬಿದರೆ ಜಾಸ್ತಿ ತಲೆನೋವೂ ಇರಲ್ಲ. ನಡಿಗೆ, ಮೂತ್ರ, ಮರೆವು ಈ ಮೂರೂ ಕೆಡುತ್ತಾ ಹೋಗುತ್ತವೆ.

ದಾವಣಗೆರೆಯಲ್ಲೇ ಸಿಟಿ ಸ್ಕ್ಯಾನ್ ಆಗುತ್ತೆ. ಆದರೆ ಬೆಂಗಳೂರಿನ ಹಳೇ ಸ್ಕ್ಯಾನಿನ ಸಿಡಿ ತಗೊಂಡು ಹೋಗಿ, ಒಳಕೋಣೆ ಮೊದಲಿಗಿಂತ ಹಿಗ್ಗಿದೆಯಾ ಅಂತ ಎರಡನ್ನೂ ಪಕ್ಕ ಇಟ್ಟು ನೋಡಬೇಕು. ನಮಗೆ ಒಬ್ಬರು ಹೊಸದನ್ನಷ್ಟೇ ನೋಡಿ ‘ವಯಸ್ಸಿಗೆ ಮೆದುಳು ಕುಗ್ಗಿದೆ’ ಅಂದುಬಿಟ್ಟರು. ಒಂದು ತಿಂಗಳು ಹಾಳಾಯ್ತು.

ಆಮೇಲೆ ಇನ್ನೊಬ್ಬರು ಸ್ಕ್ಯಾನ್ ನೋಡಿಕೊಂಡು, ಬೆನ್ನಿಂದ ಸೂಜಿ ಹಾಕಿ ಸುಮಾರು 40 ಎಂಎಲ್ ನೀರು ತೆಗೆದರು. ಮೆದುಳಿನ ನೀರೇ ಬೆನ್ನುಹುರಿ ಸುತ್ತಲೂ ಇರುತ್ತೆ. ಬೆಳಿಗ್ಗೆ ಅವ್ವ ಹಿಂದಕ್ಕೆ ತಿರುಗೋಕೆ ಹನ್ನೊಂದು ಹೆಜ್ಜೆ ಇಟ್ಟಿದ್ದಳು, ನಾನೇ ಎಣಿಸಿದ್ದೆ. ಸಂಜೆ ನಾಲ್ಕೇ ಹೆಜ್ಜೆ. ನೀರು ತೆಗೆದರೆ ನಡಿಗೆ ಸುಧಾರಿಸುತ್ತೆ ಅಂತ ಅಲ್ಲೇ ಗೊತ್ತಾಯ್ತು.

ಶಂಟ್ ಹಾಕಿದರು. ಮೆದುಳಿನ ಹೆಚ್ಚಿನ ನೀರು ಇಳಿಸೋ ಸಣ್ಣ ಕೊಳವೆ, ತಲೆಯೊಳಗಿಂದ ಕಿವಿ ಹಿಂದೆ ಬಂದು ಚರ್ಮದ ಕೆಳಗೇ ಕತ್ತು, ಎದೆ ಹಾದು ಹೊಟ್ಟೆಗೆ. ಊಟ ಹೋಗೋ ಚೀಲಕ್ಕಲ್ಲ, ಕರುಳಿನ ಸುತ್ತಲಿನ ಜಾಗಕ್ಕೆ. ಬೆರಳಿಟ್ಟರೆ ದಾರದ ಹಾಗೆ ಸಿಗುತ್ತೆ. ಮೊಮ್ಮಗಳಿಗೆ ಮುಟ್ಟಿಸಿ ‘ನಮ್ಮನೆ ನಲ್ಲಿ’ ಅನ್ನುತ್ತಾಳೆ ಅವ್ವ! ಅವಳದು ಹೊರಗಿಂದ ಅಯಸ್ಕಾಂತದಲ್ಲಿ ಹೊಂದಿಸುವ ವಾಲ್ವ್ (ನೀರು ಎಷ್ಟು ಇಳಿಯಬೇಕು ಅಂತ ಹಿಡಿತದಲ್ಲಿಡೋದು), ಹಾಗಾಗಿ ಎಂಆರ್‌ಐ ಆದಮೇಲೆ ಸೆಟ್ಟಿಂಗ್ ನೋಡಿಸಬೇಕು. ಶಂಟ್ ಕಟ್ಟಿಕೊಳ್ಳೋದೂ ಉಂಟು, ಸೋಂಕೂ ಆಗಬಹುದು. ಜ್ವರ, ವಾಂತಿ, ಮಂಪರು ಬಂದರೆ ಆ ರಾತ್ರಿಯೇ ಹೊರಡಬೇಕು.

ಎಲ್ಲಾ ವಾಪಸ್ ಬಂತು ಅಂತ ಸುಳ್ಳು ಹೇಳಲ್ಲ. ಮೊದಲು ನಡಿಗೆ ಬಂತು. ಮರೆವು ಸ್ವಲ್ಪ ಉಳಿದಿದೆ, ಮದುವೆಮನೆ ಗಲಾಟೆಗೆ ಸುಸ್ತಾಗಿ ಮಲಗುತ್ತಾಳೆ. ಆದರೆ ಕುಂದುವಾಡ ಕೆರೆ ಏರಿ ಮೇಲೆ ನನ್ನ ಕೈ ಬಿಟ್ಟು ನಡೆಯುತ್ತಾಳೆ.

ಅಣ್ಣನಿಗೂ ಇದೇ ಅಂತ ನಾನು ಹೇಳೋಕಾಗಲ್ಲ, ಸ್ಕ್ಯಾನ್ ಹೇಳಬೇಕು. ಈ ವಾರವೇ ಮಾಡಿಸಿ. ಅಷ್ಟರೊಳಗೆ ಮಂಪರು ಜಾಸ್ತಿಯಾದರೆ ಕಾಯಬೇಡಿ. ನಾಳೆ ಬೆಳಿಗ್ಗೆ ಅವರು ನಡೆಯೋದು, ತಿರುಗೋದು ಫೋನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರ್ ಮುಂದೆ ಅವ್ವನ ಹಾಗೇ ಗಟ್ಟಿ ಮಾಡಿಕೊಂಡು ನಡೆದುಬಿಡುತ್ತಾರೆ!