ಟಿಸಿ (ಬೀದಿ ಟ್ರಾನ್ಸ್‌ಫಾರ್ಮರ್) ವಿಷಯ: ಇವತ್ತಾದರೂ ಬಾಯಿ ಬಿಡಿ

ಮನೆ 14, ರಾತ್ರಿ 2:20
ಯಾರೂ ಮಲಗಿಲ್ಲ ಅಂತ ಗೊತ್ತು. ಓದಿ ಸುಮ್ನಿರಬೇಡಿ. ಮೊನ್ನೆ ತಾನೇ 2,800 ಕೊಟ್ಟು ಎ.ಸಿ.ಗೆ ಗ್ಯಾಸ್ ತುಂಬಿಸಿದ್ದೇನೆ. ಇವತ್ತು ಮತ್ತೆ ಒಳಗೆ ಬರೀ ಗಾಳಿ. ಹೊರಗಿನ ಡಬ್ಬ ಗುಂಯ್ ಅನ್ನುತ್ತದೆ, ಟಕ್ ಅಂತ ನಿಲ್ಲುತ್ತದೆ. ಕಲಬುರಗಿ ಬಿಸಿಲಿಗೆ ಕಾದ ಮನೆಯಲ್ಲಿ ಅಪ್ಪ ಹೇಗೆ ಮಲಗಬೇಕು? ಮೂಲೆ ಪಿ.ಜಿ.ಯಲ್ಲಿ ಮಾತ್ರ ಎಲ್ಲಾ ಎ.ಸಿ. ಓಡುತ್ತಿವೆ.

ಮನೆ 22, 2:31
ನಮ್ಮದೂ ಗುಂಯ್.

ಪಿ.ಜಿ. ಮಾಲೀಕರು, 6:05
ಬೆಳಗಾಗುವ ಮೊದಲೇ ನನ್ನ ಮೇಲಾ? ನಾನು ದುಡ್ಡು ಕಟ್ಟಿ ತ್ರೀ ಫೇಸ್ ತಗೊಂಡಿದ್ದೇನೆ. ನೀವು ಮೀಟರಿಗೆ 2 ಕಿಲೋವಾಟ್ ಲೋಡ್ ಬರೆಸಿ ಎರಡು ಎ.ಸಿ. ಹಾಕಿದ್ದೀರಲ್ಲ, ಅದನ್ನು ಹೇಳಿ.

ಮನೆ 9 ಅಮ್ಮ, 6:12
🌹ಶುಭೋದಯ🌹 ಮಡಕೆ ನೀರು ಕುಡಿಯಿರಿ, ಎ.ಸಿ. ಮರೆಯಿರಿ. 10 ಜನರಿಗೆ ಕಳಿಸಿ.

ಮಾಜಿ ಕಾರ್ಯದರ್ಶಿ, 6:30
ನಾನು ಇದ್ದಾಗಲೇ ಟಿಸಿಗೆ ಅರ್ಜಿ ಬರೆದಿದ್ದೆ. ಸಹಿ ಕೇಳಿದಾಗ ಎಲ್ಲರೂ ಊರಿಗೆ ಹೋಗಿದ್ದಿರಿ!!

ಮನೆ 17ರ ಮಗ, 6:48
ಅಂಕಲ್, ಗ್ಯಾಸ್ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖಾಲಿಯಾಗಲ್ಲ. ಲೀಕ್ ಇದ್ದರೆ ಮಾತ್ರ ಕಮ್ಮಿಯಾಗುತ್ತದೆ. ಲೀಕ್ ಹುಡುಕದೆ ತುಂಬಿಸಿದ್ದರೆ ದುಡ್ಡು ದಂಡ. ಗುಂಯ್ ಅಂದು ಟಕ್ ಅಂದರೆ ಕಂಪ್ರೆಸರ್ ಎದ್ದೇಳಲು ಒದ್ದಾಡುತ್ತಿದೆ, ಒಳಗಿನ ಓವರ್‌ಲೋಡ್ ಸ್ವಿಚ್ ಅದನ್ನು ನಿಲ್ಲಿಸುತ್ತಿದೆ. ಕಾರಣ ಎರಡಿರಬಹುದು. ಒಂದು ವೋಲ್ಟೇಜ್. ನಮ್ಮ ಸ್ಟೆಬಿಲೈಜರ್ ರಾತ್ರಿ 168 ತೋರಿಸಿತು. ಇರಬೇಕಾದದ್ದು 230. ಇನ್ನೊಂದು ಕೆಪಾಸಿಟರ್, ಅಂದರೆ ಕಂಪ್ರೆಸರ್ ಎದ್ದೇಳಲು ಒತ್ತಾಸೆ ಕೊಡುವ ಡಬ್ಬಿ. ಮಧ್ಯಾಹ್ನ ವೋಲ್ಟೇಜ್ 220 ದಾಟಿದಾಗ ಹಾಕಿ ನೋಡಿ. ಆಗಲೂ ಗುಂಯ್ ಅಂದರೆ ಮೊದಲು ಕೆಪಾಸಿಟರನ್ನೇ ನೋಡಬೇಕು. ತಲೆ ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಹೋಯಿತು ಅಂತಲೇ. ಉಬ್ಬದೆಯೂ ಹೋಗಿರಬಹುದು, ಮೀಟರ್ ಹಿಡಿಸಿ. ಮೇಲೆ 50 ಮೈಕ್ರೋಫ್ಯಾರಡ್, ±5% ಅಂತ ಇದ್ದು 47.5ಕ್ಕಿಂತ ಕಮ್ಮಿ ಬಂದರೆ ಬದಲಿಸಿ. ನೀವೇ ಕವರ್ ಬಿಚ್ಚಬೇಡಿ. ಎಂಸಿಬಿ ಇಳಿಸಿದರೂ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರುತ್ತದೆ, ಒದೆಯುತ್ತದೆ. ಇನ್ವರ್ಟರ್ ಎ.ಸಿ. ಆದರೆ ಕಥೆಯೇ ಬೇರೆ, ಅಲ್ಲಿ ಬೋರ್ಡ್ ನೋಡಬೇಕು.

ಮನೆ 22, 6:55
ಹಾಗಾದರೆ ಟಿಸಿ ತಪ್ಪಲ್ವಾ?

ಮನೆ 17ರ ಮಗ, 6:57
14, 22, ನಮ್ಮದು ಮೂರೂ ಟಿಸಿಯ ಒಂದೇ ಫೇಸ್ ಲೈನಿನಲ್ಲಿವೆ. ಮೂರು ಮನೆ ಕೆಪಾಸಿಟರ್ ಮಾತಾಡಿಕೊಂಡು ಒಂದೇ ರಾತ್ರಿ ಸಾಯಲ್ಲ. ಕರೆಂಟ್ ದೂರಿನ 1912ಕ್ಕೆ ಮೂವರೂ ಬೇರೆ ಬೇರೆ ಫೋನ್ ಮಾಡಿ, ದೂರಿನ ನಂಬರ್ ಇಲ್ಲಿ ಹಾಕಿ.

ಮಾಜಿ ಕಾರ್ಯದರ್ಶಿ, 7:02
ಫೋನ್‌ಗೆಲ್ಲ ಆಗಲ್ಲ. ಪತ್ರ ಬೇಕು. ನಾನೇ ಬರೆಯುತ್ತೇನೆ. ಪಿ.ಜಿ.ಯವರು ಮೊದಲು ಸಹಿ ಹಾಕಲಿ.

ಪಿ.ಜಿ. ಮಾಲೀಕರು, 7:03
ಯಾಕೆ? ತಪ್ಪು ಒಪ್ಪಿಕೊಂಡ ಹಾಗಾ?

ಮನೆ 5, 7:06
ಇಬ್ಬರೂ ಒಂದು ಲೋಟ ಮಡಕೆ ನೀರು ಕುಡಿಯಿರಿ 😂

ಮನೆ 9 ಅಮ್ಮ, 7:40
ಮಡಕೆಗೆ ತುಂಬಿಸೋಣ ಅಂದರೆ ನಲ್ಲಿ ನೀರು ಕೆಂಪಗೆ ಬರುತ್ತಿದೆ. ನಿಮ್ಮಲ್ಲೂ ಹಾಗೇನಾ?

ಮನೆ 22, 7:41
ಹೌದಮ್ಮಾ! ವಾಸನೆ ಬೇರೆ. ಸಂಪಿಗೂ ಹೋಗಿಬಿಟ್ಟಿದೆ.

ಮಾಜಿ ಕಾರ್ಯದರ್ಶಿ, 7:44
ಎಲ್ಲರೂ ಬಕೆಟ್ ಫೋಟೋ ಹಾಕಿ. ಪತ್ರ ನೀರಿನ ಬಗ್ಗೆ ಬರೆಯುತ್ತೇನೆ, ಕರೆಂಟ್ ವಿಷಯ ಕೆಳಗೆ ಒಂದು ಸಾಲು ಸೇರಿಸೋಣ.

ಮನೆ 14, ಮಧ್ಯಾಹ್ನ 1:15
ವೋಲ್ಟೇಜ್ 224 ಇದೆ. ಆದರೂ ಗುಂಯ್, ಟಕ್. ತಮ್ಮಾ, ಮೀಟರ್ ಇರುವ ಮೆಕ್ಯಾನಿಕ್ ಯಾರಾದರೂ ಗೊತ್ತಾ?

ಮನೆ 5, 1:16
ಬಕೆಟ್ ಫೋಟೋ ಎಲ್ಲಿ ಸರ್?