ಚಿಕ್ಕಮ್ಮನ ಕೌನ್ಸೆಲಿಂಗ್ ವಿಷಯ, ಮಾವನಿಗೆ

ಮಾವ, ನಮಸ್ಕಾರ. ನಿಮ್ಮ ಬೆಳಗ್ಗಿನ ಮೆಸೇಜು ಎರಡು ಸಲ ಕೇಳಿಸ್ಕೊಂಡೆ. ಟೈಪ್ ಮಾಡಿದ್ರೆ ಒರಟಾಗಿ ಕಾಣತ್ತೆ ಅಂತ ಮಾತಾಡೇ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ಎಲ್ಲರೂ ಪೂರ್ತಿ ಕೇಳಿ. "ನನ್ನ ತಂಗಿಗೇನು ತಲೆ ಕೆಟ್ಟಿದ್ಯಾ ಕೌನ್ಸೆಲಿಂಗಿಗೆ ಕರ್ಕೊಂಡು ಹೋಗೋಕೆ? ಗಂಡನ ವರ್ಷಾಬ್ದಿಕ ಮುಗೀತಲ್ಲ, ಕಾಶಿಗೆ ಹೋಗಿ ಬಂದ್ರೆ ಸರಿಹೋಗ್ತಾಳೆ" ಅಂದ್ರಿ. ನಿಮ್ಮ ಸಂಕಟ ನಂಗೆ ಗೊತ್ತಾಗತ್ತೆ ಮಾವ. ಕಾಶಿಗೆ ಖಂಡಿತ ಹೋಗೋಣ, ನಾನೂ ಬರ್ತೀನಿ. ಆದ್ರೆ ಗುರುವಾರದ ಅಪಾಯಿಂಟ್‌ಮೆಂಟ್ ತಪ್ಪಿಸೋದು ಬೇಡ.

ನಾನ್ಯಾಕೆ ಇಷ್ಟು ಹಟ ಹಿಡೀತಿದೀನಿ ಅಂದ್ರೆ... ಇದು ನಿಮಗ್ಯಾರಿಗೂ ಗೊತ್ತಿಲ್ಲ. ಅಪ್ಪ ಹೋದ ಬೆಳಗ್ಗೆ "ಎದೆ ಉರೀತಿದೆ ಕಣಮ್ಮ" ಅಂದಿದ್ರು. ಗ್ಯಾಸ್ಟ್ರಿಕ್ ಇರ್ಬೇಕು ಅಂದ್ಕೊಂಡು ನಾನು ಜೀರಿಗೆ ಕಷಾಯ ಮಾಡ್ಕೊಟ್ಟೆ. ಅರ್ಧ ಗಂಟೇಲಿ ಎಲ್ಲ ಮುಗಿದುಹೋಯ್ತು. ವೈಕುಂಠ ಸಮಾರಾಧನೆವರೆಗೆ ಮನೆ ತುಂಬ ನೀವೆಲ್ಲ ಇದ್ರಿ, ಕೈಹಿಡ್ಕೊಂಡ್ರಿ. ಹದಿನಾಲ್ಕನೇ ದಿನ ಜಮಖಾನ ಮಡಚಿಟ್ಟು, ಬಾಡಿಗೆ ಪಾತ್ರೆ ವಾಪಸ್ ಕಳಿಸಿದ್ಮೇಲೆ ನಂಗೆ ನಿಜವಾಗಿ ಶುರುವಾಗಿದ್ದು. ಒಂದೂವರೆ ವರ್ಷ ನಮ್ಮನೇಲಿ ಒಗ್ಗರಣೆಗೆ ಜೀರಿಗೆ ಬಿದ್ದಿಲ್ಲ. ಆ ವಾಸನೆ ಬಂದ್ರೆ ಅಡುಗೆಮನೆಯಿಂದ ಆಚೆ ಹೋಗ್ಬಿಡ್ತಿದ್ದೆ.

ಕೊನೆಗೆ ನಾನೂ ಸೈಕಾಲಜಿಸ್ಟ್ ಹತ್ರ ಹೋದೆ. ಆ ಮೇಡಂ ಒಂದು ದಿನಾನೂ "ಮರೀರಿ" ಅನ್ನಲಿಲ್ಲ. ಮೊದಲೆರಡು ಸಲ ಅಪ್ಪ ಹೇಗಿದ್ರು, ಏನಿಷ್ಟ, ಏನಕ್ಕೆ ಜಗಳ ಆಡ್ತಿದ್ವಿ, ಬರೀ ಇದೇ. ಆಮೇಲೆ ಕಣ್ಣು ಮುಚ್ಚಿಸಿ, ಆ ಬೆಳಗ್ಗೆ ಈಗ ನಡೀತಿದೆ ಅನ್ನೋ ಹಾಗೆ ಮೊದಲಿಂದ ಹೇಳಿ ಅಂದ್ರು. ಅದನ್ನ ನನ್ನ ಫೋನಲ್ಲೇ ರೆಕಾರ್ಡ್ ಮಾಡ್ಸಿ, ಮನೇಲಿ ದಿನಾ ಕೇಳಿಸ್ಕೊಳ್ಳಿ ಅಂದ್ರು. ಮೊದಲನೇ ಸಲ ಒಲೆ ಹಚ್ಚಿದ್ದರಿಂದ ಮುಂದಕ್ಕೆ ಹೋಗಕ್ಕೇ ಆಗ್ಲಿಲ್ಲ. ನಾಲ್ಕನೇ ಸಲವೋ ಐದನೇ ಸಲವೋ ಹೇಳ್ತಿರೋವಾಗ, ಅಪ್ಪ ಲೋಟ ಕಿಟಕಿ ಕಟ್ಟೆ ಮೇಲಿಟ್ಟು "ಥೇಟ್ ನಿಮ್ಮಜ್ಜಿ ಮಾಡ್ದಂಗೇ ಇದೆ" ಅಂದಿದ್ದು ನೆನಪಾಯ್ತು. ಅಪ್ಪ ನಂಗೆ ಆಡಿದ ಕೊನೇ ಮಾತು ಅದು, ಮಾವ. ತಪ್ಪು ಮಾಡಿದೆ ತಪ್ಪು ಮಾಡಿದೆ ಅನ್ಕೊಂಡು ಆ ಮಾತನ್ನೇ ಕಳ್ಕೊಂಡಿದ್ದೆ. ಅವತ್ತು ಅಲ್ಲಿ ಕೂತು ಅತ್ತ ಹಾಗೆ ಸ್ಮಶಾನದ ಹತ್ರಾನೂ ಅತ್ತಿರ್ಲಿಲ್ಲ.

ಅಮೆರಿಕದ ಡಾಕ್ಟರ್ ಕ್ಯಾಥರಿನ್ ಶಿಯರ್ ಅನ್ನೋರು ರೂಪಿಸಿದ ಕ್ರಮ ಇದು, ಸುಮಾರು 16 ಭೇಟಿ. ಎಲ್ಲರಿಗೂ ಇಷ್ಟು ಬೇಕಾಗಲ್ಲ. ಹೆಚ್ಚಿನ ಜನ ಮನೆಯವರ ಜೊತೇಲೇ ಸುಧಾರಿಸ್ಕೋತಾರೆ, ನೀವು ಹೇಳೋದು ಅಷ್ಟರಮಟ್ಟಿಗೆ ಸರಿ. ಆದ್ರೆ ಕೆಲವರಿಗೆ ದುಃಖ ಅಲ್ಲೇ ಹೆಪ್ಪುಗಟ್ಟತ್ತೆ. 2022ರಿಂದ ಅಮೆರಿಕದ ಮನೋವೈದ್ಯರ ರೋಗಪಟ್ಟೀಲಿ ಇದಕ್ಕೇ ಬೇರೆ ಹೆಸರಿದೆ. ದೊಡ್ಡವರಿಗೆ ಒಂದು ವರ್ಷ ಆದ್ಮೇಲೂ ದಿನದಿನದ ಬದುಕು ನಡೆಯದೇ ಇದ್ರೆ ನೋಡ್ಬೇಕು ಅಂತ. ನಮ್ಮ ಹಿರಿಯರು ಮಾಸಿಕ, ವರ್ಷಾಬ್ದಿಕ ಅಂತ ಇಟ್ಟ ಲೆಕ್ಕಾನೂ ಅದೇ ವರ್ಷ ತಾನೇ? ಚಿಕ್ಕಮ್ಮಂಗೆ ಹದಿನಾಲ್ಕು ತಿಂಗಳಾಯ್ತು.

ಅಂದ ಹಾಗೆ ಯಾರೋ ಮೊನ್ನೆ ದುಃಖದ ಐದು ಮೆಟ್ಟಿಲು ಅಂತ ಫಾರ್ವರ್ಡ್ ಹಾಕಿದ್ರಲ್ಲ, ಅದನ್ನ ಚಿಕ್ಕಮ್ಮಂಗೆ ತೋರಿಸ್ಬೇಡಿ. ಕೂಬ್ಲರ್-ರಾಸ್ ಅನ್ನೋ ಡಾಕ್ಟರ್ 1969ರಲ್ಲಿ ಅದನ್ನ ಬರೆದಿದ್ದು ಸಾಯೋ ಹಂತದಲ್ಲಿದ್ದ ರೋಗಿಗಳನ್ನ ಮಾತಾಡಿಸಿ. ಎಲ್ಲರೂ ಹಾಗೇ ಮೆಟ್ಟಿಲು ಹತ್ತಿ ಹೋಗಲ್ಲ. ನಮ್ಮ ಮೇಡಂ ಚೀಟಿ ಮೇಲೆ ಎರಡು ಸೊನ್ನೆ ಬರೆದು ತೋರ್ಸಿದ್ರು. ಒಂದ್ರಲ್ಲಿ ಅಳು, ನೆನಪು. ಇನ್ನೊಂದ್ರಲ್ಲಿ ಬ್ಯಾಂಕು, ಗ್ಯಾಸ್ ಬುಕಿಂಗು, ಒಬ್ಬರಿಗೇ ಅಡುಗೆ. ದಿನಾ ಇದ್ರಿಂದ ಅದಕ್ಕೆ, ಅದ್ರಿಂದ ಇದಕ್ಕೆ ಓಡಾಡ್ತಿರ್ಬೇಕು, ಒಂದ್ರಲ್ಲೇ ಸಿಕ್ಕಿಹಾಕ್ಕೋಬಾರ್ದು ಅಂದ್ರು.

ಚಿಕ್ಕಮ್ಮ ಸಿಕ್ಕಿಹಾಕ್ಕೊಂಡಿದಾರೆ. ಚಿಕ್ಕಪ್ಪನ ಸ್ಕೂಟರ್ ಕವರ್ ತೆಗೆಯಕ್ಕೂ ಬಿಡಲ್ಲ, ಮಾರಕ್ಕೂ ಬಿಡಲ್ಲ. ಪಿಂಚಣಿ ಕಾಗದ ಇನ್ನೂ ಸಹಿ ಆಗಿಲ್ಲ. ಹೋದ ವಾರ ನನ್ನ ಹತ್ರ "ನಾನ್ಯಾಕೆ ಇನ್ನೂ ಇದೀನಿ" ಅಂದ್ರು. ಆ ಮಾತು ಕೇಳಿದ್ಮೇಲೆ ನಾನು ಕಾಯಲ್ಲ. ಮಾತ್ರೆ ಕೊಟ್ಟು ಮಲಗಿಸ್ತಾರೆ ಅಂತ ಅತ್ತೆ ಹೆದರ್ತಿದಾರಂತೆ. ಸೈಕಾಲಜಿಸ್ಟ್ ಮಾಡೋದು ಮಾತುಕತೆ. ಮಾತ್ರೆ ಬೇಕಾದ್ರೆ ಮನೋವೈದ್ಯರು ಬೇರೆಯಾಗೇ ನೋಡಿ ಹೇಳ್ತಾರೆ.

ಊರಲ್ಲಿರೋರು ಒಂದು ನಂಬರ್ ಬರ್ಕೊಳ್ಳಿ. ಟೆಲಿ ಮಾನಸ್, 14416. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡ್ಬಹುದು. ರಾತ್ರಿ ಚಿಕ್ಕಮ್ಮನ ಜೊತೆ ಮಲಗೋರು ಇದನ್ನ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.

ಮಾವ, ಒಂದು ಕೇಳ್ಕೋತೀನಿ. ಗುರುವಾರ ನನ್ನ ಬದಲು ನೀವೇ ಕರ್ಕೊಂಡು ಹೋಗಿ. ಅಣ್ಣ ಬಂದ ಅಂದ್ರೆ ಅವರಿಗೆ ಧೈರ್ಯ. ಹನ್ನೊಂದು ಗಂಟೆಗೆ, ಹೊರಗೆ ಬೆಂಚಿದೆ, ಒಂದು ಗಂಟೆ ಕೂತ್ಕೋಬೇಕಾಗತ್ತೆ. ಆಚೆ ಬಂದಾಗ ಕಣ್ಣು ಕೆಂಪಾಗಿರ್ಬಹುದು, ಒಳಗೇನು ಕೇಳಿದ್ರು ಅಂತ ವಿಚಾರಿಸ್ಬೇಡಿ. ಒಂದು ಕಾಫಿ ಕುಡಿಸ್ಕೊಂಡು ಬನ್ನಿ.