ಅಪ್ಪ ಎಚ್ಚರ ತಪ್ಪಿ ಬಿದ್ದರು, ತಲೆ ಸ್ಕ್ಯಾನ್ ಮಾಡಿಸಬೇಕಾ?

ಪ್ರಶ್ನೆ:
ಅಪ್ಪನಿಗೆ 68 ವರ್ಷ. ಮೊನ್ನೆ ರಾತ್ರಿ ಮೂತ್ರಕ್ಕೆ ಎದ್ದವರು ಬಾತ್‌ರೂಮಿನ ಬಾಗಿಲಲ್ಲೇ ಕುಸಿದರು. ಓಡಿ ಹೋಗಿ ನೋಡಿದರೆ ಮುಖ ಬಿಳಿಚಿಕೊಂಡಿತ್ತು, ಬನಿಯನ್ ಬೆವರಿಗೆ ಒದ್ದೆ. ಕೈ ಎರಡು ಸಲ ಅದುರಿತು. ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು, "ಯಾಕಮ್ಮಾ, ಏನಾಯ್ತು?" ಅಂದರು. ತಲೆಗೆ ಪೆಟ್ಟಾಗಿಲ್ಲ. ತಮ್ಮ ಮಾತ್ರ ಇದು ಫಿಟ್ಸ್, ಸ್ಕ್ಯಾನ್ ಮಾಡಿಸಲೇಬೇಕು ಅಂತಾನೆ. ಹೋದ ತಿಂಗಳಿಂದ ಬಿಪಿ ಮಾತ್ರೆ ಒಂದರ ಬದಲು ಎರಡಾಗಿದೆ. ಭಯ ಆಗ್ತಿದೆ.

ಉತ್ತರ 1:
ನನಗೆ ರಕ್ತ ತೆಗೆಸುವಾಗ ಹೀಗೇ ಆಗುತ್ತೆ. ಮೊದಲು ಹೊಟ್ಟೆ ತೊಳಸುತ್ತೆ, ಕಿವಿ ಗುಂಯ್ ಅನ್ನುತ್ತೆ. ತಕ್ಷಣ ಮಲಗಿಬಿಟ್ಟರೆ ಎಚ್ಚರ ತಪ್ಪಲ್ಲ.

ಉತ್ತರ 2:
ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ನೀವು ಇಲ್ಲಿ ಬರೆದಿದ್ದನ್ನೇ ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಎಷ್ಟೋ ಸಲ ಸ್ಕ್ಯಾನ್ ಹೇಳದ್ದನ್ನು ಕಣ್ಣಾರೆ ಕಂಡವರ ಮಾತು ಹೇಳುತ್ತದೆ. ನಮ್ಮಲ್ಲಿ ಫಿಟ್ಸ್‌ಗೂ, ಸುಮ್ನೆ ಎಚ್ಚರ ತಪ್ಪಿದ್ದಕ್ಕೂ "ಮೂರ್ಛೆ ಬಂತು" ಅಂದುಬಿಡುತ್ತಾರೆ, ಗೊಂದಲ ಅಲ್ಲೇ ಶುರು. ಸುಮ್ನೆ ಎಚ್ಚರ ತಪ್ಪಿದಾಗಲೂ ಕೈಕಾಲು ಸ್ವಲ್ಪ ಅದುರಬಹುದು. ಫಿಟ್ಸ್ ಆದರೆ ಸಾಮಾನ್ಯವಾಗಿ ಆಮೇಲೂ ತುಂಬ ಹೊತ್ತು ಮಂಕು ಇರುತ್ತದೆ, ಕೆಲವರು ನಾಲಿಗೆಯ ಬದಿ ಕಚ್ಚಿಕೊಂಡಿರುತ್ತಾರೆ. ನಿಮ್ಮಪ್ಪ ಕಣ್ಣು ಬಿಟ್ಟ ಕೂಡಲೇ ನಿಮ್ಮನ್ನು ಗುರುತು ಹಿಡಿದರಲ್ವಾ?

ಎದ್ದು ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ರಕ್ತನಾಳ ಬಿಗಿಯಾಗಿ, ಹೃದಯ ಜೋರಾಗಿ ಬಡಿದು ಅದನ್ನು ಸರಿದೂಗಿಸಬೇಕು. ವಯಸ್ಸು, ಬಿಪಿ ಮಾತ್ರೆ ಇದಕ್ಕೆ ಅಡ್ಡ ಬಂದರೆ ಬಿಪಿ ಇಳಿದು ಎಚ್ಚರ ತಪ್ಪಬಹುದು. ಮಲಗಿಸಿ ಒಮ್ಮೆ, ನಿಲ್ಲಿಸಿ 3 ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಲು ಕೇಳಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಕಾರಣ ಬಹುಪಾಲು ಅದೇ. ಇಸಿಜಿ ಮಾತ್ರ ತಪ್ಪಿಸಬೇಡಿ. ಹೃದಯದ ಬಡಿತ ತಪ್ಪಿಯೂ ಜನ ಹೀಗೆ ಬೀಳುತ್ತಾರೆ, ನಮಗೆ ನಿಜವಾದ ಭಯ ಅದೇ. ಮಲಗಿದ್ದಾಗ, ಓಡುವಾಗ ಅಥವಾ ಯಾವ ಸೂಚನೆಯೂ ಇಲ್ಲದೆ ಬಿದ್ದರೆ, ಎದೆನೋವು ಇದ್ದರೆ ಒಂದು ನಿಮಿಷವೂ ಕಾಯಬೇಡಿ.

ತಲೆಗೆ ಪೆಟ್ಟಾಗಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಸ್ಕ್ಯಾನ್ ಬೇಕು. ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಮತ್ತೆ ಬಿದ್ದರೆ ಎತ್ತಿ ಕೂರಿಸಬೇಡಿ, ಮಲಗಿಸಿ ಕಾಲು ಮೇಲೆತ್ತಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಬಿಡಲೇಬೇಡಿ.

ಉತ್ತರ 3 (ಪ್ರಶ್ನೆ ಕೇಳಿದವರು):
ಚೀಟಿ ಕೊಟ್ಟೆ ಅಕ್ಕಾ. ಡಾಕ್ಟರು ಎರಡು ಸಲ ಓದಿದರು. ಮಲಗಿದಾಗ ಮೇಲಿನ ಬಿಪಿ 138, ನಿಂತಾಗ 106. ಇಸಿಜಿ ಸರಿ ಇದೆ. ಮಾತ್ರೆ ಕಡಿಮೆ ಮಾಡಿದ್ದಾರೆ, ವಾರ ಬಿಟ್ಟು ಮತ್ತೆ ನೋಡ್ತಾರಂತೆ. ಸ್ಕ್ಯಾನ್ ಈಗ ಬೇಡ ಅಂದರು. ನಿನ್ನೆ ರಾತ್ರಿ ಅಪ್ಪ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಎದ್ದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ.